‘ಪಿಡಿಎಫ್ ಇದ್ಯಾ ಅಕ್ಕಾ?’ — ಹೊಸ ಪುಸ್ತಕಗಳ ಫೋಟೋ ಕೆಳಗೆ ಬಂದ ಪ್ರಶ್ನೆಗೆ ಹತ್ತು ಕಂತಿನ ಉತ್ತರ

ಕಂತು 1/10

ಕಳೆದ ಭಾನುವಾರ ಹಾಕಿದ್ದ ಫೋಟೋನೇ ಮತ್ತೆ ಹಾಕ್ತಿದೀನಿ. ಹೊಸದಾಗಿ ಮನೆಗೆ ಬಂದ ಎಂಟು ಪುಸ್ತಕ, ಹಿಂದೆ ಅಮ್ಮನ ಹೊಲಿಗೆ ಮಷೀನು, ಪಕ್ಕದಲ್ಲಿ ಅರ್ಧ ಕುಡಿದಿಟ್ಟ ಕಾಫಿ ಲೋಟ.

ಮೇಲಿನಿಂದ ಕೆಳಕ್ಕೆ ಹೇಳ್ತೀನಿ. ಬಾನು ಮುಷ್ತಾಕ್ ಅವರ ಕತೆಗಳ ಸಂಕಲನ. ವಿವೇಕ ಶಾನಭಾಗರ ‘ಸಕೀನಾಳ ಮುತ್ತು’. ವಸುಧೇಂದ್ರರ ‘ತೇಜೋ ತುಂಗಭದ್ರಾ’ (ಮೊದಲನೇ ಪ್ರತಿ ಕಡ ತಗೊಂಡು ಹೋದವರು ವಾಪಸ್ ಕೊಡಲಿಲ್ಲ, ಇದು ಎರಡನೇದು). ಶ್ರೀನಿವಾಸ ವೈದ್ಯರ ‘ಹಳ್ಳ ಬಂತು ಹಳ್ಳ’. ತೇಜಸ್ವಿಯವರ ‘ಕರ್ವಾಲೊ’, ಇದು ಅಕ್ಕನ ಮಗನಿಗೆ, ಈ ವರ್ಷ ಎಂಟನೇ ಕ್ಲಾಸು ಅವನು. ತ್ರಿವೇಣಿಯವರ ‘ಶರಪಂಜರ’. ಡಿವಿಜಿಯವರ ‘ಮಂಕುತಿಮ್ಮನ ಕಗ್ಗ’, ಅಮ್ಮನ ಹಳೇ ಪ್ರತಿಯ ಬೈಂಡಿಂಗ್ ಕಿತ್ತು ಹೋಗಿತ್ತು. ಎಲ್ಲಕ್ಕಿಂತ ಕೆಳಗೆ, ಹೆಸರು ಕಾಣದ ಹಾಗೆ ತಿರುಗಿಸಿಟ್ಟಿರೋ ಒಂದು ತೆಳು ಪುಸ್ತಕ. ಅದರ ಹೆಸರು ಹೇಳಲ್ಲ. ಯಾಕೆ ಅನ್ನೋದು ಆರನೇ ಕಂತಿನಲ್ಲಿದೆ.

ಆ ಫೋಟೋಗೆ 58 ಕಾಮೆಂಟ್ ಬಂದವು. ಹೃದಯ, ಚಪ್ಪಾಳೆ, ‘ಸೂಪರ್ ಕಲೆಕ್ಷನ್ ಮೇಡಂ’ ಎಲ್ಲಾ ಇತ್ತು. ಎಲ್ಲರಿಗೂ ಥ್ಯಾಂಕ್ಸ್. ಆದರೆ ಕೂತು ಎಣಿಸಿದೆ. 19 ಜನ ಕೇಳಿದ್ದು ಒಂದೇ ಮಾತು. ‘ಪಿಡಿಎಫ್ ಇದ್ಯಾ ಅಕ್ಕಾ?’ ‘ಪಿಡಿಎಫ್ ಇದ್ರೆ ಕಳ್ಸಿ.’ ಒಬ್ಬರು ನಂಬರೇ ಹಾಕಿದ್ದರು. (ಅದನ್ನ ಡಿಲೀಟ್ ಮಾಡಿದೀನಿ. ದಯವಿಟ್ಟು ಹಾಗೆಲ್ಲ ನಂಬರ್ ಹಾಕಬೇಡಿ.)

ಹತ್ತೊಂಬತ್ತು ಜನರಿಗೂ ಬೇರೆ ಬೇರೆ ಉತ್ತರ ಬರೆಯೋ ಬದಲು ಒಂದೇ ಸಲ ಹತ್ತು ಕಂತಿನಲ್ಲಿ ಬರೆದುಬಿಡ್ತೀನಿ. ಕೆಲವು ಕಡೆ ಖಾರ ಇರುತ್ತೆ. ಇಷ್ಟ ಆಗದಿದ್ರೆ ಅನ್‌ಫಾಲೋ ಮಾಡಿ, ಪರವಾಗಿಲ್ಲ. ಓದದೆ ಜಗಳಕ್ಕೆ ಮಾತ್ರ ಬರಬೇಡಿ.

ಕಂತು 2/10

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡ್ತೀನಿ. ಇಲ್ಲದಿದ್ರೆ ‘ಏನು ದೊಡ್ಡ ಸಾಚಾ ಇವಳು’ ಅಂತೀರಿ, ಅದು ಸರಿಯಾದ ಮಾತೇ.

ಹಾಸ್ಟೆಲಿನಲ್ಲಿ ಇದ್ದಾಗ ನಾನೂ ಪಿಡಿಎಫ್ ಓದಿದವಳೇ. ಆಮೇಲೆ ಕೆಲಸ ಸಿಕ್ಕಿತು, ಸಂಬಳ ಬಂತು, ಅಭ್ಯಾಸ ಹೋಗಲಿಲ್ಲ. ಒಂದು ಓದುಗರ ಗುಂಪಿಗೆ ಅಡ್ಮಿನ್ ಕೂಡ ಆಗಿದ್ದೆ. ಅಲ್ಲಿಗೆ ಒಬ್ಬ ಲೇಖಕರ ಕಾದಂಬರಿ ಸ್ಕ್ಯಾನ್ ಬಂತು. ಓದಿದೆ, ತುಂಬಾ ಹಿಡಿಸ್ತು, ಇನ್ನೂ ಮೂರು ಗುಂಪಿಗೆ ನಾನೇ ಕಳಿಸಿದೆ. ‘ಕನ್ನಡ ಸೇವೆ’ ಮಾಡ್ತಿದೀನಿ ಅನ್ನೋ ಹೆಮ್ಮೆ ಬೇರೆ.

2024ರ ಡಿಸೆಂಬರಿನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಹೋಗಿದ್ದೆ. ಪುಸ್ತಕ ಮಳಿಗೆಗಳ ಸಾಲಿನಲ್ಲಿ, ಒಂದು ಮೂಲೆ ಮಳಿಗೆಯಲ್ಲಿ, ಆ ಲೇಖಕರೇ ಕೂತಿದ್ದರು. ಮುಂದೆ ಟೇಬಲ್ಲು, ಮೇಲೆ ತಮ್ಮದೇ ನಾಲ್ಕು ಪುಸ್ತಕ. ಜನ ಹಿಂಡುಹಿಂಡಾಗಿ ಹೋಗ್ತಿದಾರೆ, ಯಾರೂ ನಿಲ್ತಿಲ್ಲ. ನಾನು ಖುಷಿಯಿಂದ ಓಡಿ ಹೋಗಿ ಹೇಳಿದೆ, ‘ಸರ್, ನಿಮ್ಮ ಕಾದಂಬರಿ ಓದಿದೀನಿ, ಎರಡು ರಾತ್ರಿ ನಿದ್ದೆ ಮಾಡಿಲ್ಲ.’

ಅವರ ಮುಖ ಅರಳಿತು. ‘ಹೌದೇನಮ್ಮಾ! ಎಲ್ಲಿ ಸಿಕ್ತು ನಿಮಗೆ? ಅದು ಅಂಗಡಿಗಳಿಗೆ ಹೋಗೇ ಇರ್ಲಿಲ್ಲ.’

ನನಗೆ ಬಾಯಿ ಬರಲಿಲ್ಲ. ‘ಲೈಬ್ರರಿಯಲ್ಲಿ ಸರ್’ ಅಂದೆ. ಸುಳ್ಳು. ಅವರು ‘ಓ, ಲೈಬ್ರರಿಗೆ ಬಂದಿದ್ಯಾ’ ಅಂತ ಇನ್ನೂ ಖುಷಿಪಟ್ಟರು. ಯಾವ ಊರಿನ ಲೈಬ್ರರಿ ಅಂತ ಕೇಳಿದರು. ಆ ಊರಿನ ಹೆಸರನ್ನೂ ಸುಳ್ಳೇ ಹೇಳಿದೆ. ನಾಲ್ಕೂ ಪುಸ್ತಕ ಕೊಂಡುಕೊಂಡು, ಸಹಿ ಹಾಕಿಸಿಕೊಂಡು ಬಂದೆ. ಬಸ್ಸಿನಲ್ಲಿ ಆ ಸಹಿ ನೋಡೋಕೆ ಆಗಲಿಲ್ಲ.

ಆವತ್ತಿನಿಂದ ನಿಲ್ಲಿಸಿದೆ. ಹಾಗಾಗಿ ಇದು ಮೇಲೆ ನಿಂತು ಮಾಡ್ತಿರೋ ಉಪದೇಶ ಅಲ್ಲ. ಅದೇ ಹಳ್ಳದಿಂದ ಎದ್ದು ಬಂದವಳ ಮಾತು.

ಕಂತು 3/10

ದುಡ್ಡಿನ ಲೆಕ್ಕ ಹೇಳ್ತೀನಿ. ಬೋರ್ ಅನಿಸಿದ್ರೂ ಓದಿ, ಯಾಕಂದ್ರೆ ‘ಲೇಖಕರಿಗೆ ಏನ್ ಕಮ್ಮಿ’ ಅನ್ನೋ ಮಾತು ಈ ಲೆಕ್ಕ ಗೊತ್ತಿಲ್ಲದವರ ಬಾಯಲ್ಲೇ ಜಾಸ್ತಿ.

200 ರೂಪಾಯಿ ಬೆಲೆಯ ಒಂದು ಕನ್ನಡ ಪುಸ್ತಕ ಅಂತ ಇಟ್ಕೊಳ್ಳಿ. ಅಂಗಡಿಯವರಿಗೆ, ವಿತರಕರಿಗೆ ಕೊಡೋ ಕಮಿಷನ್ನೇ ಮೂರನೇ ಒಂದು ಭಾಗ ದಾಟುತ್ತೆ. ಉಳಿದಿದ್ದರಲ್ಲಿ ಕಾಗದ, ಅಚ್ಚು, ಬೈಂಡಿಂಗು, ಮುಖಪುಟ ಮಾಡಿದ ಕಲಾವಿದರು, ಕರಡು ತಿದ್ದಿದವರು, ಗೋಡೌನು, ಸಾಗಾಣಿಕೆ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ನಿಜ. ಆದರೆ ಕಾಗದಕ್ಕೆ ಇದೆ, ಅಚ್ಚಿನ ಕೆಲಸಕ್ಕೆ ಇದೆ. ಅದನ್ನ ಪ್ರಕಾಶಕರು ಯಾರ ಹತ್ರಾನೂ ವಾಪಸ್ ಪಡೆಯೋಕೆ ಆಗಲ್ಲ.

ಲೇಖಕರಿಗೆ ರೂಢಿಯಲ್ಲಿರೋ ಗೌರವಧನ ನೂರಕ್ಕೆ ಹತ್ತು. ಅಂದ್ರೆ ಪ್ರತಿಗೆ 20 ರೂಪಾಯಿ. ಮೊದಲ ಮುದ್ರಣ 1,000 ಪ್ರತಿ ಹಾಕೋದೇ ದೊಡ್ಡ ಮಾತು, ಈಗ ಎಷ್ಟೋ ಕಡೆ 500ಕ್ಕೆ ಇಳಿದಿದೆ. ಸಾವಿರವೂ ಮಾರಾಟ ಆಯ್ತು, ಪ್ರಕಾಶಕರು ಪ್ರಾಮಾಣಿಕವಾಗಿ ಲೆಕ್ಕ ಕೊಟ್ಟರು ಅಂತಾನೇ ಅಂದುಕೊಳ್ಳಿ. ಲೇಖಕರ ಕೈಗೆ ಬರೋದು 20,000 ರೂಪಾಯಿ. ಮೂರು ವರ್ಷ ಬರೆದ ಕಾದಂಬರಿಗೆ. ತಿಂಗಳಿಗೆ ಎಷ್ಟಾಯ್ತು ಅಂತ ನೀವೇ ಭಾಗಿಸಿ ನೋಡಿ.

ಹಾಗಾದ್ರೆ ಹೇಗೂ ದುಡ್ಡೇ ಬರಲ್ಲವಲ್ಲ, ಪಿಡಿಎಫ್‌ನಿಂದ ಏನು ನಷ್ಟ ಅಂತೀರಾ? ಈ ವಾದಾನೂ ಕೇಳಿದೀನಿ. ಇದಕ್ಕಿಂತ ಕಟುಕ ವಾದ ನಾನು ಕೇಳಿಲ್ಲ. ಹೇಗೂ ಅರೆಹೊಟ್ಟೆ, ಊಟದ ತಟ್ಟೆ ಎತ್ತಿಕೊಂಡು ಹೋದ್ರೆ ಏನೀಗ ಅಂದ ಹಾಗೆ. 20 ರೂಪಾಯಿಯನ್ನ ಯಾವ ಲೇಖಕರೂ ಮನೆ ನಡೆಸೋಕೆ ಅಂತ ಕಾಯಲ್ಲ. ಆ ಪುಸ್ತಕ ಎರಡನೇ ಮುದ್ರಣ ಕಾಣುತ್ತಾ, ಮುಂದಿನ ಹಸ್ತಪ್ರತಿ ತಗೊಂಡು ಹೋದಾಗ ಪ್ರಕಾಶಕರು ‘ಕೂತ್ಕೊಳ್ಳಿ’ ಅಂತಾರಾ ಅನ್ನೋದನ್ನ ತೀರ್ಮಾನ ಮಾಡೋದು ಮಾರಾಟವಾದ ಪ್ರತಿಗಳ ಸಂಖ್ಯೆ. ಪಿಡಿಎಫ್ ಓದಿದವರು ಆ ಸಂಖ್ಯೆಯಲ್ಲಿ ಎಲ್ಲೂ ಇರಲ್ಲ.

ಕಂತು 4/10

ಒಂದು ವಾಟ್ಸಾಪ್ ಗುಂಪಿನಲ್ಲಿ ಗರಿಷ್ಠ 1,024 ಜನ ಇರಬಹುದು. ಕನ್ನಡ ಪುಸ್ತಕದ ಮೊದಲ ಮುದ್ರಣ 500, ಹೆಚ್ಚಂದ್ರೆ 1,000. ಈ ಎರಡು ಅಂಕಿಗಳನ್ನ ಪಕ್ಕಪಕ್ಕ ಇಟ್ಟು ನೋಡಿ. ನೀವು ಒಂದೇ ಒಂದು ಸಲ ‘ಫಾರ್ವರ್ಡ್’ ಒತ್ತಿದ್ರೆ, ತುಂಬಿರೋ ಒಂದೇ ಗುಂಪಿಗೆ, ಆ ಪುಸ್ತಕದ ಇಡೀ ಮುದ್ರಣಕ್ಕಿಂತ ಜಾಸ್ತಿ ಪ್ರತಿ ಹೋಯ್ತು. ಕಾಗದ ಇಲ್ಲ, ಶಾಯಿ ಇಲ್ಲ, ಎರಡು ಸೆಕೆಂಡು.

ಎಲ್ಲರೂ ಓದ್ತಾರಾ? ಇಲ್ಲ. ಇದು ಇನ್ನೂ ಬೇಜಾರಿನ ಸಂಗತಿ. ನನ್ನ ಹಳೇ ಫೋನಿನಲ್ಲಿ ಮುನ್ನೂರಕ್ಕೂ ಹೆಚ್ಚು ಪಿಡಿಎಫ್ ಇದ್ದವು. ಪೂರ್ತಿ ಓದಿದ್ದು ಹನ್ನೊಂದು. ಮಿಕ್ಕಿದ್ದೆಲ್ಲ ‘ಇರಲಿ’ ಅಂತ ಇಳಿಸಿಕೊಂಡಿದ್ದು. ಅಟ್ಟದ ಮೇಲೆ ಹಳೇ ಡಬ್ಬ ಸೇರಿಸೋ ಹಾಗೆ.

2025ರ ಮೇ 20ರ ರಾತ್ರಿ ನೆನಪಿದೆಯಾ? ಹಾಸನದ ಬಾನು ಮುಷ್ತಾಕ್ ಅವರಿಗೆ ‘ಹಾರ್ಟ್ ಲ್ಯಾಂಪ್’ ಸಂಕಲನಕ್ಕಾಗಿ ಅಂತರರಾಷ್ಟ್ರೀಯ ಬೂಕರ್ ಬಂತು. ಕನ್ನಡದಿಂದ ಅನುವಾದವಾದ ಕೃತಿಗೆ ಮೊದಲ ಸಲ. ಅನುವಾದಿಸಿದ ದೀಪಾ ಭಾಸ್ತಿ ಅವರಿಗೂ ಆ 50,000 ಪೌಂಡಿನಲ್ಲಿ ಸಮಪಾಲು. ಮಾರನೇ ದಿನ ಬೆಳಿಗ್ಗೆ ನಾನಿದ್ದ ಗುಂಪು ತೆರೆದರೆ ಅಭಿನಂದನೆಯ ಪೋಸ್ಟರುಗಳು. ಕೆಂಪು-ಹಳದಿ ಬಾವುಟ, ‘ಕನ್ನಡಿಗರ ಹೆಮ್ಮೆ’. ನನಗೂ ಕಣ್ಣು ತುಂಬಿ ಬಂದಿತ್ತು. ಪೋಸ್ಟರುಗಳ ಕೆಳಗೇ ಬಂದ ಮೆಸೇಜು: ‘ಕನ್ನಡ ಮೂಲದ ಪಿಡಿಎಫ್ ಯಾರ ಹತ್ರ ಇದೆ?’

ಅದನ್ನ ಕೇಳಿದವರು ಕೆಟ್ಟವರಲ್ಲ. ಅದಕ್ಕೂ ಮುಂಚೆ ಹಾಕಿದ್ದ ಬಾವುಟದ ಪೋಸ್ಟರೂ ಅವರದ್ದೇ. ಹೆಮ್ಮೆ ಪಟ್ಟಿದ್ದು ನಿಜವೇ. ಹೆಮ್ಮೆ ಪಡೋದಕ್ಕೂ ಆ ಪುಸ್ತಕದ ಬೆಲೆ ಕೊಡೋದಕ್ಕೂ ಏನಾದ್ರೂ ಸಂಬಂಧ ಇರಬಹುದು ಅಂತ ಅವರಿಗೆ ಹೊಳೆದೇ ಇಲ್ಲ. ನನ್ನ ಜಗಳ ಈ ಹೊಳೆಯದೇ ಇರೋದರ ಜೊತೆ.

ಕಂತು 5/10

ಈಗ ನಿಮ್ಮ ಕಡೆಯ ಮಾತು. ಇನ್‌ಬಾಕ್ಸಿನಲ್ಲಿ ಬಂದಿದ್ದನ್ನೇ ಹಾಕ್ತಿದೀನಿ.

‘ಎಲ್ಲರಿಗೂ ಕೊಳ್ಳೋ ಶಕ್ತಿ ಇರಲ್ಲ ಮೇಡಂ.’ ಇರಲ್ಲ, ಒಪ್ಪಿದೆ. ಮಸಾಲೆದೋಸೆ, ಸಿನಿಮಾ ಟಿಕೆಟ್ಟಿನ ಹೋಲಿಕೆ ನಾನು ತರಲ್ಲ. ಆ ಹೋಲಿಕೆ ಕೊಡೋರು ದೋಸೇನೂ ತಿನ್ನದೆ ದಿನ ದೂಡೋರನ್ನ ನೋಡಿಲ್ಲ. ಫೀಸು ಕಟ್ಟೋಕೆ ಒದ್ದಾಡ್ತಿರೋ ಹುಡುಗಿ ಪಿಡಿಎಫ್ ಓದಿದ್ರೆ ನಾನು ಅವಳ ಮೇಲೆ ಕೂಗಾಡಲ್ಲ. ಆದರೆ ಕೇಳಿದ 19 ಜನರ ಪ್ರೊಫೈಲ್ ಹೋಗಿ ನೋಡಿದೆ, ಕ್ಷಮಿಸಿ. ಬೈಕು, ಟ್ರಿಪ್ಪು, ಹೊಸ ಫೋನು. ಬಡವರ ಹೆಸರಿನಲ್ಲಿ ನಾವು ಉಳ್ಳವರು ವಾದ ಮಾಡೋದು ಸಾಕು.

‘ನಮ್ಮೂರಲ್ಲಿ ಪುಸ್ತಕದ ಅಂಗಡಿ ಇಲ್ಲ.’ ನಮ್ಮೂರಲ್ಲೂ ಇಲ್ಲ. ಸ್ಟೇಷನರಿ ಅಂಗಡಿಯಲ್ಲಿ ಗೈಡು ಸಿಗುತ್ತೆ, ಕತೆ ಕಾದಂಬರಿ ಸಿಗಲ್ಲ. ಇದು ನಿಜವಾದ ಕಷ್ಟ. ಆದರೆ ಹೆಚ್ಚಿನ ಪ್ರಕಾಶಕರು ಒಂದು ಫೋನು ಮಾಡಿದ್ರೆ ಅಂಚೆಯಲ್ಲಿ ಕಳಿಸ್ತಾರೆ. ಹಳೇ ರಿಜಿಸ್ಟರ್ಡ್ ಬುಕ್‌ಪೋಸ್ಟ್ 2024ರ ಕೊನೆಗೆ ನಿಂತಾಗ ಎಲ್ಲರೂ ಬೈದುಕೊಂಡೆವು. 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಅಂತ ಶುರು ಮಾಡಿದಾರೆ. 300 ಗ್ರಾಂವರೆಗೆ 20 ರೂಪಾಯಿ, 5 ಕೆ.ಜಿ.ಗೆ 100 ರೂಪಾಯಿ. ನಾಲ್ಕು ಜನ ಸೇರಿ ಒಟ್ಟಿಗೆ ತರಿಸಿ, ಖರ್ಚು ಹಂಚಿಹೋಗುತ್ತೆ.

‘ಲೈಬ್ರರಿಗೆ ಹೊಸ ಪುಸ್ತಕ ಬರಲ್ಲ.’ ಮನೆ ಕಂದಾಯದ ರಸೀದಿ ತೆಗೆದು ನೋಡಿ. ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತೆ, ತೆರಿಗೆಯ ಮೇಲೆ ನೂರಕ್ಕೆ 6. 1965ರ ಗ್ರಂಥಾಲಯ ಕಾಯ್ದೆ ಮಾಡಿದ ವ್ಯವಸ್ಥೆ ಅದು. ಅಂದ್ರೆ ದುಡ್ಡು ಈಗಾಗಲೇ ಕೊಟ್ಟಿದೀರಿ! ಪಂಚಾಯ್ತಿ ಲೈಬ್ರರಿಗೆ ಈಗ ‘ಅರಿವು ಕೇಂದ್ರ’ ಅಂತ ಹೆಸರು. ಹೋಗಿ, ಬೇಕಾದ ಪುಸ್ತಕದ ಹೆಸರನ್ನ ಅರ್ಜಿ ಬರೆದು ಕೊಡಿ. ತಂದುಕೊಡಲ್ಲ ಅಂದ್ರೆ ಜಗಳ ಮಾಡಿ. ‘ಪಿಡಿಎಫ್ ಇದ್ಯಾ’ ಅಂತ ನನ್ನನ್ನ ಕೇಳೋ ಧೈರ್ಯದಲ್ಲಿ ಕಾಲು ಭಾಗ ಅಲ್ಲಿ ತೋರಿಸಿ.

ಕಣ್ಣು ಕಾಣದವರು, ಮುದ್ರಿತ ಪುಸ್ತಕ ಹಿಡಿದು ಓದಲಾಗದವರು ಕೇಳಿದ್ರೆ ಅದು ಬೇರೆಯೇ ಮಾತು. ಅವರು ಓದೋ, ಕೇಳೋ ರೂಪಕ್ಕೆ ಪುಸ್ತಕವನ್ನ ಬದಲಾಯಿಸಿಕೊಳ್ಳೋಕೆ 2012ರ ತಿದ್ದುಪಡಿಯಲ್ಲಿ ಕಾನೂನೇ ಅವಕಾಶ ಕೊಟ್ಟಿದೆ. ಅವರ ಜೊತೆ ನನ್ನ ಜಗಳ ಇಲ್ಲ.

ಕಂತು 6/10

ಈಗ ಆ ತೆಳು ಪುಸ್ತಕ.

ಮಲೆನಾಡಿನ ಕಡೆಯ ಒಬ್ಬ ಶಾಲಾ ಮೇಷ್ಟ್ರು ಬರೆದ ಪ್ರಬಂಧಗಳು. ನೂರ ಹದಿನೈದು ಪುಟ. ದೊಡ್ಡ ಹೆಸರಿನವರಲ್ಲ, ಪ್ರಶಸ್ತಿ ಇಲ್ಲ. ಅಡಿಕೆ ಸುಲಿಯೋ ರಾತ್ರಿಗಳ ಬಗ್ಗೆ, ಶಾಲೆಗೆ ಛತ್ರಿ ತರದ ಮಕ್ಕಳ ಬಗ್ಗೆ, ತಮ್ಮ ತಂದೆಯ ಕೊನೇ ಮಳೆಗಾಲದ ಬಗ್ಗೆ ಬರೆದಿದಾರೆ. ನಾನು ಇತ್ತೀಚೆಗೆ ಓದಿದ ಪ್ರಬಂಧಗಳಲ್ಲಿ ಇಷ್ಟು ಮೆತ್ತಗೆ ಒಳಗೆ ಇಳಿದಿದ್ದು ಇನ್ನೊಂದಿಲ್ಲ. ಅಚ್ಚು ಹಾಕಿದ್ದು ಗಂಡ-ಹೆಂಡತಿ ಇಬ್ಬರೇ ಮನೆಯಲ್ಲಿ ನಡೆಸೋ ಪುಟ್ಟ ಪ್ರಕಾಶನ.

ಎರಡು ಪ್ರತಿ ಬೇಕು ಅಂತ ಫೋನು ಮಾಡಿದೆ. ‘ಒಂದೇ ಇದೆಯಮ್ಮಾ, ಮೂಲೆ ಸ್ವಲ್ಪ ಮಡಚಿದೆ, ಕಳಿಸ್ಲಾ?’ ಅಂದರು. ಮತ್ತೆ ಯಾವಾಗ ಪ್ರಿಂಟು ಸರ್ ಅಂದೆ. ‘ಇಲ್ಲಮ್ಮಾ. ಐನೂರು ಹಾಕಿದ್ವಿ, ಖಾಲಿ ಆಗೋಕೆ ನಾಲ್ಕು ವರ್ಷ ಆಯ್ತು. ಪಿಡಿಎಫ್ ಎಲ್ಲಾ ಕಡೆ ಇದೆ. ಇನ್ಯಾರು ತಗೋತಾರೆ ಹೇಳಿ.’ ಕೋಪದಲ್ಲಿ ಹೇಳಲಿಲ್ಲ. ಮಳೆ ಬರಲಿಲ್ಲ ಅನ್ನೋ ದನಿಯಲ್ಲಿ ಹೇಳಿದರು.

ಪಿಡಿಎಫ್‌ನಿಂದಲೇ ಮಾರಾಟ ನಿಂತಿತು ಅಂತ ನಾನು ಆಣೆ ಮಾಡಿ ಹೇಳಲಾರೆ. ಅಂಗಡಿಗೆ ಹೋಗದ ಪುಸ್ತಕ ಅದು, ಪ್ರಚಾರ ಇರಲಿಲ್ಲ. ಆದರೆ ಮತ್ತೊಂದು ಐನೂರು ಹಾಕೋ ಧೈರ್ಯವನ್ನ ಕಿತ್ತುಕೊಂಡಿದ್ದು ಅದೇ. ಅವರ ಬಾಯಿಂದಲೇ ಕೇಳಿದೀನಿ.

ಇನ್ನೊಂದು ಇದೆ. ಪುಸ್ತಕ ಬಂದ ಮೇಲೆ ಕುತೂಹಲಕ್ಕೆ ಆ ಪಿಡಿಎಫ್ ತರಿಸಿ ನೋಡಿದೆ. ಯಾರೋ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದ್ದು, ಅಂಚಿನಲ್ಲಿ ಹೆಬ್ಬೆರಳು. 41, 42ನೇ ಪುಟ ಇಲ್ಲ. ತಂದೆಯ ಕೊನೇ ಮಳೆಗಾಲದ ಪ್ರಬಂಧ ಮುಗಿಯೋದೇ ಆ ಎರಡು ಪುಟದಲ್ಲಿ. ಪಿಡಿಎಫ್‌ನಲ್ಲಿ ಅಪ್ಪ ಇನ್ನೂ ಜಗಲಿ ಮೇಲೆ ಕೂತೇ ಇದಾರೆ, ಮುಂದಿನ ಪುಟದಲ್ಲಿ ಛತ್ರಿಯ ಪ್ರಬಂಧ ಶುರುವಾಗಿದೆ. ‘ಓದಿದೀನಿ, ಅದ್ಭುತ’ ಅಂದಿದ್ದ ನಾಲ್ಕು ಜನರನ್ನ ಕೇಳಿದೆ. ಎರಡು ಪುಟ ಇಲ್ಲ ಅನ್ನೋದು ಒಬ್ಬರಿಗೂ ಗೊತ್ತಿರಲಿಲ್ಲ.

‘ಪಿಡಿಎಫ್ ಪುಸ್ತಕವನ್ನ ಉಳಿಸುತ್ತೆ’ ಅಂತೀರಲ್ಲ, ಉಳಿದಿರೋದು ಇದು. ಹೆಸರು ಹೇಳಿದ್ರೆ ನಾಳೆ ಇದೇ ಫೈಲು ಇನ್ನೂ ನಾಲ್ಕು ಗುಂಪಿಗೆ ಹೋಗುತ್ತೆ. ಅದಕ್ಕೇ ಹೇಳಲ್ಲ.

ಕಂತು 7/10

ಪುಕ್ಕಟೆಯಾಗಿ, ಕಾನೂನುಬದ್ಧವಾಗಿ ಓದಬಹುದಾದ ಪುಸ್ತಕಗಳೇ ಇಲ್ಲವಾ? ರಾಶಿ ಇದೆ. ಬನ್ನಿ, ಇದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ.

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ, ಲೇಖಕರು ತೀರಿಕೊಂಡ ಮಾರನೇ ವರ್ಷದ ಜನವರಿ 1ರಿಂದ 60 ವರ್ಷ ಹಕ್ಕು ಇರುತ್ತೆ. ಆಮೇಲೆ ಆ ಕೃತಿ ಎಲ್ಲರದ್ದು. ಯಾರು ಬೇಕಾದರೂ ಅಚ್ಚು ಹಾಕಬಹುದು, ಹಂಚಬಹುದು, ಓದಿ ರೆಕಾರ್ಡ್ ಮಾಡಿ ಹಾಕಬಹುದು.

ಮುದ್ದಣ ತೀರಿಕೊಂಡಿದ್ದು 1901ರಲ್ಲಿ. ‘ಇಂದಿರಾಬಾಯಿ’ ಬರೆದ ಗುಲ್ವಾಡಿ ವೆಂಕಟರಾಯರು 1913. ಪಂಜೆ ಮಂಗೇಶರಾಯರು 1937. ಗಳಗನಾಥರು 1942. ಬಿ.ಎಂ.ಶ್ರೀ, ಕೈಲಾಸಂ ಇಬ್ಬರೂ 1946. ಇವರೆಲ್ಲರ ಕೃತಿಗಳ ಅವಧಿ ಎಂದೋ ಮುಗಿದಿದೆ. ಇನ್ನೊಂದು ಹೇಳ್ತೀನಿ, ಬಹಳ ಜನ ಗಮನಿಸಿಲ್ಲ. ತ್ರಿವೇಣಿಯವರು ತೀರಿಕೊಂಡಿದ್ದು 1963ರಲ್ಲಿ, 35 ತುಂಬೋ ಮೊದಲೇ. ಹಾಗಾಗಿ 2024ರ ಜನವರಿ 1ರಿಂದ ‘ಶರಪಂಜರ’, ‘ಬೆಳ್ಳಿಮೋಡ’, ‘ಬೆಕ್ಕಿನ ಕಣ್ಣು’, ‘ಹಣ್ಣೆಲೆ ಚಿಗುರಿದಾಗ’ ಎಲ್ಲ ಮುಕ್ತ. ಅಷ್ಟು ಬೇಗ ಹೋಗಿಬಿಟ್ಟರಲ್ಲ ಅನ್ನೋ ಸಂಕಟ ಈ ಲೆಕ್ಕದ ಒಳಗೇ ಇದೆ. ನಾನು ‘ಶರಪಂಜರ’ ದುಡ್ಡು ಕೊಟ್ಟು ತಂದಿದ್ದು ಅಮ್ಮನಿಗೆ ಕೈಯಲ್ಲಿ ಹಿಡಿದು ಓದೋಕೆ ಬೇಕಿತ್ತು ಅಂತ.

ಇನ್ನು ಮುಕ್ತ ಆಗದೇ ಇರೋರು. ಅ.ನ.ಕೃ. 1971ರಲ್ಲಿ ಹೋದರು, 2031ರ ಕೊನೆವರೆಗೆ ಹಕ್ಕಿದೆ. ಡಿವಿಜಿ 1975, ಅಂದ್ರೆ 2035. ಬೇಂದ್ರೆ 1981, 2041. ಮಾಸ್ತಿ 1986, 2046. ಕುವೆಂಪು 1994, 2054. ಕಾರಂತರು 1997, 2057. ತೇಜಸ್ವಿ 2007, 2067. ಬದುಕಿ ಬರೀತಿರೋರ ಮಾತು ಬಿಡಿ.

ವಿಕಿಸೋರ್ಸ್ ಕನ್ನಡದಲ್ಲಿದೆ, ಸರ್ಕಾರದ ‘ಕಣಜ’ ಇದೆ, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ ಇದೆ. ಕದಿಯದೆ ವರ್ಷಗಟ್ಟಲೆ ಓದಬಹುದು. ಆದರೆ ನನ್ನ ಹತ್ರ ಗುಲ್ವಾಡಿಯವರ ಪಿಡಿಎಫ್ ಕೇಳಿದವರು ಇಲ್ಲಿವರೆಗೆ ಸೊನ್ನೆ. ಪಂಜೆಯವರದ್ದು ಕೇಳಿದವರು ಸೊನ್ನೆ. ಎಲ್ಲರಿಗೂ ಬೇಕಾಗಿರೋದು ಹೋದ ತಿಂಗಳು ಬಿಡುಗಡೆ ಆಗಿದ್ದೇ. ಅಂದ್ರೆ ಇದು ಓದಿನ ಹಸಿವು ಅಲ್ಲ, ಹೊಸದು ಮೊದಲು ನನ್ನ ಹತ್ರ ಇರಬೇಕು ಅನ್ನೋ ಚಪಲ. ಬೇಜಾರಾದ್ರೆ ಆಗಲಿ.

ಕಂತು 8/10

ಬರೀ ಓದುಗರನ್ನ ಬೈದು ಕೈ ತೊಳಕೊಂಡ್ರೆ ಅನ್ಯಾಯ. ಪ್ರಕಾಶಕರಿಗೂ ಎರಡು ಮಾತು, ನಮ್ಮಂಥ ಪುಸ್ತಕದ ಫೋಟೋ ಹಾಕೋರಿಗೂ ಎರಡು ಮಾತು.

ಪ್ರಕಾಶಕರೇ, ಪುಸ್ತಕ ಎಲ್ಲಿ ಸಿಗುತ್ತೆ ಅಂತ ಹುಡುಕೋದೇ ಒಂದು ಪತ್ತೇದಾರಿ ಕೆಲಸ ಆಗಬಾರದು. ಬಿಡುಗಡೆ ದಿನ ಶಾಲು, ಹಾರ, ಐದು ಜನ ಅತಿಥಿಗಳು. ಮಾರನೇ ದಿನ ಫೋನು ಮಾಡಿದ್ರೆ ‘ಸ್ಟಾಕ್ ಬೈಂಡಿಂಗಿಗೆ ಹೋಗಿದೆ’. ಇ-ಪುಸ್ತಕ ಮಾಡೋಕೆ ಈಗ ದಾರಿ ಇದೆ. ಮೈಲ್ಯಾಂಗ್ ಇದೆ, ಗೂಗಲ್ ಪ್ಲೇ ಬುಕ್ಸ್ ಇದೆ. ಹೊರದೇಶದಲ್ಲಿ ಇರೋ ಕನ್ನಡಿಗರು, ಅಂಚೆ ಖರ್ಚು ಪುಸ್ತಕದ ಬೆಲೆಗಿಂತ ಜಾಸ್ತಿ ಆಗೋರು, ದುಡ್ಡು ಹಿಡಿದುಕೊಂಡು ಕಾಯ್ತಿದಾರೆ. ನೀವು ಅಧಿಕೃತ ಬಾಗಿಲು ತೆರೆಯದೆ ಇದ್ರೆ ಜನ ಕಿಟಕಿ ಹುಡುಕ್ತಾರೆ. ಲೇಖಕರಿಗೆ ಎಷ್ಟು ಪ್ರತಿ ಮಾರಾಟ ಆಯ್ತು ಅನ್ನೋ ಲೆಕ್ಕವನ್ನ ವರ್ಷಕ್ಕೊಂದು ಸಲ ಕೊಡಿ. ಕೊಡೋರು ಇದಾರೆ, ಅವರಿಗೆ ನಮಸ್ಕಾರ. ಕೊಡದವರು ಪಿಡಿಎಫ್ ಕಳ್ಳರನ್ನ ಬೈಯೋವಾಗ ನನಗೆ ನಗು ಬರುತ್ತೆ.

ಇನ್ನು ನಾವು. ಅರಿಶಿನ ಬಣ್ಣದ ಪರದೆ, ಒಂದು ಹೂವು, ಹತ್ತು ಪುಸ್ತಕದ ಗೋಪುರ. ‘ಈ ತಿಂಗಳ ಹೊಸ ಸೇರ್ಪಡೆ’. ಆಮೇಲೆ ಆ ಹತ್ತರಲ್ಲಿ ಎಷ್ಟು ಓದಿದೆವು, ಏನನ್ನಿಸಿತು ಅನ್ನೋದರ ಸುದ್ದಿ ಇಲ್ಲ. ಪ್ರಕಾಶಕರು ಪುಕ್ಕಟೆ ಕಳಿಸಿದ ಪ್ರತಿಯನ್ನ ಕೊಂಡ ಹಾಗೆ ತೋರಿಸೋದೂ ಇದೆ. ಪುಸ್ತಕ ಎಲ್ಲಿ ಸಿಗುತ್ತೆ, ಬೆಲೆ ಎಷ್ಟು, ಯಾರು ಪ್ರಕಾಶಕರು ಅಂತ ಬರೆಯಲ್ಲ. ಬರೀ ಆಸೆ ಹುಟ್ಟಿಸಿ ದಾರಿ ಹೇಳದೆ ಬಿಟ್ಟರೆ ನೋಡಿದವರು ಇನ್ನೇನು ಕೇಳ್ತಾರೆ? ‘ಪಿಡಿಎಫ್ ಇದ್ಯಾ’ ಅಂತಾನೇ ಕೇಳ್ತಾರೆ.

ಕಳೆದ ಭಾನುವಾರ ನಾನು ಮಾಡಿದ್ದೂ ಅದೇ. ಕಾಫಿ ಲೋಟ ಬೇಕಂತಲೇ ಇಟ್ಟಿದ್ದೆ. ಪ್ರಕಾಶಕರ ಹೆಸರು ಒಂದೂ ಹಾಕಿರಲಿಲ್ಲ. ಇವತ್ತು ಕಾಮೆಂಟಿನಲ್ಲಿ ಏಳೂ ಪುಸ್ತಕದ ಪ್ರಕಾಶನ, ಬೆಲೆ, ನಾನು ಎಲ್ಲಿಂದ ತರಿಸಿದೆ ಅನ್ನೋದನ್ನ ಪಿನ್ ಮಾಡಿದೀನಿ.

ಕಂತು 9/10

ಸ್ವಲ್ಪ ಹಿಂದಕ್ಕೆ ಹೋಗೋಣ.

ಗಳಗನಾಥರು ಹಾವೇರಿ ಕಡೆಯ ಶಾಲಾ ಮೇಷ್ಟ್ರು. ಕಾದಂಬರಿ ಬರೆದರು, ಅಚ್ಚು ಹಾಕಿಸಿದರು, ಆಮೇಲೆ ತಾವೇ ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಜಿ.ಪಿ. ರಾಜರತ್ನಂ ಕಾಲೇಜು ಮೇಷ್ಟ್ರಾಗಿದ್ದವರು, ಅವರೂ ಪುಸ್ತಕ ಹೊತ್ತು ಮಾರಿದವರೇ. ಕನ್ನಡ ಓದೋರೇ ಇಲ್ಲ ಅಂತ ಜನ ನಂಬಿದ್ದ ಕಾಲದಲ್ಲಿ ಅವರು ಒಬ್ಬೊಬ್ಬ ಓದುಗನನ್ನ ಹುಡುಕಿಕೊಂಡು ನಡೆದುಹೋದರು.

ಧಾರವಾಡದಲ್ಲಿ 1933ರಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಶುರು ಮಾಡಿದರು. ಅದು ನಡೆದಿದ್ದು ಚಂದಾದಾರರಿಂದ. ಓದುಗರು ಮೊದಲೇ ದುಡ್ಡು ಕೊಡೋರು, ಪುಸ್ತಕ ಮನೆಗೆ ಬರೋದು. ಯಾವ ಪುಸ್ತಕ ಬರುತ್ತೆ, ಚೆನ್ನಾಗಿರುತ್ತಾ ಗೊತ್ತಿಲ್ಲ, ಆದರೂ ಕೊಡೋರು. ನನ್ನ ರಾಶಿಯಲ್ಲಿರೋ ‘ಹಳ್ಳ ಬಂತು ಹಳ್ಳ’ ಅದೇ ಗ್ರಂಥಮಾಲೆಯಿಂದ ಬಂದಿದ್ದು. 2008ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಷ್ಟು ವರ್ಷ ಆ ಬಾಗಿಲು ತೆರೆದೇ ಇದ್ದಿದ್ದಕ್ಕೆ ವೈದ್ಯರ ಕಾದಂಬರಿ ಅಲ್ಲಿಂದ ಹೊರಗೆ ಬಂತು. ಆ ಬಾಗಿಲು ಮುಚ್ಚದ ಹಾಗೆ ನೋಡಿಕೊಂಡಿದ್ದರಲ್ಲಿ ಹೆಸರೇ ಗೊತ್ತಿಲ್ಲದ ಚಂದಾದಾರರ ಪಾಲೂ ಇದೆ. ಪೋಸ್ಟ್‌ಮಾಸ್ಟರು, ಗುಮಾಸ್ತರು, ಮೇಷ್ಟ್ರುಗಳು ಇದ್ದಿರಬೇಕು ಅವರಲ್ಲಿ. ಯಾರೂ ಸಾಹುಕಾರರಲ್ಲ.

ಅವರಿಗಿಂತ ನಾವು ಬಡವರಾ? ನಿಜವಾಗಿ ಹೇಳಿ.

‘ಕಾಲ ಬದಲಾಗಿದೆ’ ಅಂತೀರಿ. ಬದಲಾಗಲಿ. ಫೋನಿನಲ್ಲಿ ಓದಿ, ಕಿವಿಯಲ್ಲಿ ಕೇಳಿ, ನನಗೆ ಕಾಗದದ ಮೇಲೆ ಭಕ್ತಿ ಇಲ್ಲ. ದುಡ್ಡು ಕೊಟ್ಟು ಇ-ಪುಸ್ತಕ ಓದೋರು ನನ್ನ ಗೆಳೆಯರೇ. ಲೇಖಕರೇ ‘ಹಂಚಿ’ ಅಂದಿದ್ದನ್ನ ಧಾರಾಳವಾಗಿ ಹಂಚಿ. ಬರೆದವರನ್ನ ಒಂದು ಮಾತು ಕೇಳದೆ ಹಂಚೋದನ್ನ ಮಾತ್ರ ‘ಕನ್ನಡ ಸೇವೆ’ ಅಂತ ಕರೀಬೇಡಿ. ನಾನು ಕರೆದಿದ್ದೆ, ಅದಕ್ಕೇ ಹೇಳ್ತಿದೀನಿ.

ಕಂತು 10/10

‘ಹಾಗಾದ್ರೆ ನೀವು ಪುಸ್ತಕ ಕಡ ಕೊಡ್ತೀರಲ್ಲ, ಅದೂ ಒಂದೇ ಅಲ್ವಾ?’ ಅಂತ ನಿನ್ನೆ ಒಬ್ಬರು ಕೇಳಿದರು. ಒಳ್ಳೇ ಪ್ರಶ್ನೆ. ನಾನು ಕಡ ಕೊಟ್ಟಾಗ ಪುಸ್ತಕ ನನ್ನ ಮನೆಯಿಂದ ಹೋಗುತ್ತೆ. ಅದು ವಾಪಸ್ ಬರೋವರೆಗೂ ನನಗಿಲ್ಲ, ಇನ್ನೊಬ್ಬರಿಗೂ ಇಲ್ಲ. ಒಂದು ಪ್ರತಿ, ಒಂದು ಹೊತ್ತಿಗೆ ಒಬ್ಬರು. ಅದು ಒಂದು ಇದ್ದದ್ದು ಸಾವಿರದ ಇಪ್ಪತ್ನಾಲ್ಕು ಆಗಲ್ಲ. (ಮತ್ತೆ ಕೆಲವು ವಾಪಸ್ ಬರೋದೂ ಇಲ್ಲ. ‘ತೇಜೋ ತುಂಗಭದ್ರಾ’ ತಗೊಂಡು ಹೋದವರೇ, ಇದನ್ನ ಓದ್ತಿದ್ರೆ, ನಿಮ್ಮನ್ನ ಮರೆತಿಲ್ಲ.)

ಹಾಗಾಗಿ ಈ ಪುಟದಲ್ಲಿ ಇನ್ನು ಮುಂದೆ ಇರೋ ರೀತಿ:

ಪಿಡಿಎಫ್ ಕೇಳೋ ಕಾಮೆಂಟಿಗೆ ಈ ಹತ್ತು ಕಂತಿನ ಲಿಂಕೇ ಉತ್ತರ. ಪಿಡಿಎಫ್ ಹಾಕಿದ್ರೆ ಬ್ಲಾಕು, ಚರ್ಚೆ ಇಲ್ಲ.

ನಿಜವಾಗಲೂ ಕೊಳ್ಳೋಕೆ ಆಗದ ವಿದ್ಯಾರ್ಥಿಗಳು ಇನ್‌ಬಾಕ್ಸಿಗೆ ಬನ್ನಿ. ಕಾರಣ ಕೇಳಲ್ಲ, ಪುರಾವೆ ಕೇಳಲ್ಲ. ತಿಂಗಳಿಗೆ ನಾಲ್ಕು ಪುಸ್ತಕ ನನ್ನ ಖರ್ಚಿನಲ್ಲೇ ಅಂಚೆಯಲ್ಲಿ ಕಳಿಸ್ತೀನಿ. ಓದಿ ವಾಪಸ್ ಕಳಿಸಿ, ಇಲ್ಲಾ ಮುಂದಿನವರಿಗೆ ಕಳಿಸಿ. ಮೊದಲ ತಿಂಗಳಿಗೆ ‘ಸಕೀನಾಳ ಮುತ್ತು’ ಮತ್ತೆ ‘ಹಳ್ಳ ಬಂತು ಹಳ್ಳ’ ಸೇರಿ ನಾಲ್ಕು ತಯಾರಿದೆ. ಕವರಿನೊಳಗೆ ಹಾಕಿಟ್ಟಿದೀನಿ, ವಿಳಾಸ ಬರೆಯೋದೊಂದೇ ಬಾಕಿ.

ಹೊಸ ಪುಸ್ತಕದ ಫೋಟೋ ಹಾಕಿದಾಗ ಪ್ರಕಾಶಕರು, ಬೆಲೆ, ಸಿಗೋ ಜಾಗ ಕಡ್ಡಾಯ. ಪುಕ್ಕಟೆ ಬಂದಿದ್ದಾದ್ರೆ ‘ಪುಕ್ಕಟೆ ಬಂದಿದ್ದು’ ಅಂತ ಬರೀತೀನಿ. ಹಿಂದಿನ ರಾಶಿ ಓದದೆ ಹೊಸ ರಾಶಿಯ ಫೋಟೋ ಇಲ್ಲ. ಈ ಎಂಟರಲ್ಲಿ ಓದಿ ಮುಗಿಸಿದ್ದು ಎರಡು, ಇನ್ನೂ ಆರು ಇದೆ.

ಕೊನೇದಾಗಿ, ಆ ತೆಳು ಪುಸ್ತಕ. ಮೊನ್ನೆ ಆ ಪ್ರಕಾಶಕರಿಗೆ ಮತ್ತೆ ಫೋನು ಮಾಡಿದೆ. ನೂರು ಜನ ಮೊದಲೇ ದುಡ್ಡು ಕೊಟ್ಟರೆ ಮತ್ತೆ ಅಚ್ಚು ಹಾಕ್ತೀರಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಹಿಂದಿನಿಂದ ಅವರ ಹೆಂಡತಿಯ ದನಿ ಕೇಳಿಸಿತು, ‘ಹೂಂ ಅನ್ನಿ ಅಂದ್ರೆ!’ ಅಂತ.

ನೂರು ಜನ ಬೇಕು. ಒಂದು ನಾನು, ಇನ್ನೊಂದು ಅಮ್ಮ. ಈಗ ಉಳಿದಿರೋದು 98. ಬೇಕು ಅನ್ನೋರು ಕೆಳಗೆ ‘ನಾನು’ ಅಂತ ಬರೆಯಿರಿ, ಪುಸ್ತಕದ ಹೆಸರನ್ನೂ ಪ್ರಕಾಶಕರ ವಿವರವನ್ನೂ ಇನ್‌ಬಾಕ್ಸಿಗೆ ಕಳಿಸ್ತೀನಿ. ದುಡ್ಡು ನನಗೆ ಬೇಡ, ನೇರ ಅವರಿಗೇ ಕೊಡಿ. ಆ ಹತ್ತೊಂಬತ್ತು ಜನ ಮೊದಲು ಬಂದ್ರೆ ನನಗೆ ಎಲ್ಲರಿಗಿಂತ ಜಾಸ್ತಿ ಖುಷಿ.

41, 42ನೇ ಪುಟ ಅದರಲ್ಲಿ ಇರುತ್ತೆ.

#ಕನ್ನಡಪುಸ್ತಕ #ಹೊಸಸೇರ್ಪಡೆ #ಕೊಂಡುಓದಿ #ಪಿಡಿಎಫ್‌ಬೇಡ #ಓದುಗಬಳಗ